ಕರ್ಪೂರ ಬೇಡ, ಬೇವು ಇರಲಿ: ಬೆಟ್ಟಕ್ಕೆ ಹೊರಟವರ ಹುಳುಕಡಿತದ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾವು ಗೌರಿಬಿದನೂರಿನವರು. ಕಳೆದ ಕಾರ್ತಿಕದಲ್ಲಿ ಕೋಲಾರದ ಅಂತರಗಂಗೆ ಬೆಟ್ಟಕ್ಕೆ ಹೋಗಿ, ಹುಲ್ಲಿನ ಮೇಲೆ ಕೂತು ಬುತ್ತಿ ಉಂಡು ಬಂದೆವು. ಮಾರನೆಯ ದಿನ ಮಕ್ಕಳಿಗೆ ಕಾಲ್ಚೀಲದ ಪಟ್ಟಿ ಕೂರುವ ಜಾಗದಲ್ಲಿ, ಸೊಂಟದ ಸುತ್ತ ಕೆಂಪು ಗುಳ್ಳೆ ಎದ್ದವು. ಹದಿನೈದು ದಿನ ಕೆರೆದುಕೊಂಡರು. ಈ ಸಲ ಎರಡು ಸಂಸಾರ ಸೇರಿ ದೇವರಾಯನದುರ್ಗ, ಸಿದ್ಧರ ಬೆಟ್ಟ ನೋಡಿಕೊಂಡು, ಕೊರಟಗೆರೆ ಹತ್ತಿರ ಪರಿಚಯದವರ ತೋಟದಲ್ಲಿ ಒಂದು ರಾತ್ರಿ ಟೆಂಟ್ ಹಾಕುವ ಯೋಚನೆ. ಮಕ್ಕಳಿಗೆ 9, 6 ಮತ್ತು ಒಂದೂವರೆ ವರ್ಷ. ಕೆಮಿಕಲ್ ಕ್ರೀಮ್ ಬೇಡವೆಂದು ಮನೆಯಲ್ಲಿ ಎಲ್ಲರ ಹಠ. ನಮ್ಮತ್ತೆ ಬೇವಿನೆಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ಕೊಡ್ತೀನಿ ಅಂತಾರೆ. ಅಷ್ಟು ಸಾಕಾ ಮೇಡಂ? ಕಚ್ಚಿದ ಮೇಲೆ ಸುಣ್ಣ ಹಚ್ಚಬಹುದಾ?

ಉತ್ತರ: ಅತ್ತೆಯವರ ಎಣ್ಣೆಯಿಂದಲೇ ಶುರು ಮಾಡೋಣ. ಬೇವು ಇರಲಿ. ಕರ್ಪೂರ ದೇವರ ಮನೆಯಲ್ಲೇ ಇರಲಿ. ಅದು ಚರ್ಮದ ಮೂಲಕವೂ ಒಳಗಿಳಿಯುತ್ತದೆ. ಅದಕ್ಕಿಂತ ದೊಡ್ಡ ಭಯವೆಂದರೆ, ಒಂದೂವರೆ ವರ್ಷದ ಮಗು ಎಣ್ಣೆ ಹಚ್ಚಿದ ಕೈಯನ್ನು ನೇರ ಬಾಯಿಗಿಡುತ್ತದೆ, ಇಲ್ಲವೇ ಸೀಸೆಯನ್ನೇ ಎತ್ತಿಕೊಳ್ಳುತ್ತದೆ. ಎಳೆ ಮಕ್ಕಳ ಹೊಟ್ಟೆಗೆ ಕರ್ಪೂರ ಸ್ವಲ್ಪ ಹೋದರೂ ಫಿಟ್ಸ್ ಬರಬಹುದು, ಅದೂ ಒಂದೆರಡು ಗಂಟೆಯೊಳಗೆ. ನೀಲಗಿರಿ ಎಣ್ಣೆಗೂ ಇದೇ ಮಾತು. ಶೀತಕ್ಕೆ ಕರವಸ್ತ್ರಕ್ಕೆ ಹಾಕುವ ಸಣ್ಣ ಸೀಸೆ ಎಂದು ಸದರ ಬೇಡ, ಮಗು ಒಂದು ಚಮಚ ಕುಡಿದರೂ ಆಸ್ಪತ್ರೆಗೆ ಓಡಬೇಕಾಗುತ್ತದೆ.

ಇನ್ನು ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು "ಕಾಲ್ಚೀಲದ ಪಟ್ಟಿ ಕೂರುವ ಜಾಗ" ಎಂಬಲ್ಲಿ. ಸೊಳ್ಳೆ ಹಾಗೆ ಪಟ್ಟಿ ನೋಡಿ ಕಚ್ಚುವುದಿಲ್ಲ. ತೆರೆದ ಮೈ ಎಲ್ಲಿ ಸಿಕ್ಕರೂ ಅದಕ್ಕೆ ಸರಿ. ಹುಲ್ಲಿನಿಂದ ಮೇಲೆ ಹತ್ತಿ, ಬಟ್ಟೆ ಬಿಗಿಯಾಗಿ ತಡೆದಲ್ಲಿ ನಿಂತು ಕಚ್ಚುವುದು ಉಣ್ಣಿಮರಿ, ಇಲ್ಲವೇ ಹುಲ್ಲಿನ ನುಸಿ. ನಮ್ಮ ತಿಪಟೂರು ಕಡೆ ತೆಂಗಿಗೆ ಬಂದ ನುಸಿಪೀಡೆ ಗೊತ್ತಲ್ಲ, ಅದರ ದೂರದ ನೆಂಟ ಇದು. ಕಣ್ಣಿಗೆ ಕಾಣುವುದೇ ಕಷ್ಟ. ಮಳೆ ನಿಂತು ಹುಲ್ಲು ಮಂಡಿಯೆತ್ತರ ಬೆಳೆದ ಕಾರ್ತಿಕ ಮಾಸ ಇವಕ್ಕೆ ಹಬ್ಬ. ಮಕ್ಕಳ ಕೈಗೂ ಕೆನ್ನೆಗೂ ಎಷ್ಟು ಎಣ್ಣೆ ಹಚ್ಚಿದ್ದರೂ ಆ ಗುಳ್ಳೆ ತಪ್ಪುತ್ತಿರಲಿಲ್ಲ. ದಪ್ಪನೆಯ ಚಾಪೆ ಹಾಸಿದ್ದರೆ, ಪ್ಯಾಂಟಿನ ತುದಿಯನ್ನು ಕಾಲ್ಚೀಲದೊಳಗೆ ಸೇರಿಸಿದ್ದರೆ, ಮನೆಗೆ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ ಹಾಕಿ ಸೋಪು ಉಜ್ಜಿ ಸ್ನಾನ ಮಾಡಿಸಿದ್ದರೆ ಬಹಳಷ್ಟು ತಪ್ಪುತ್ತಿತ್ತು. "ಏನು ಹಚ್ಚಲಿ" ಎಂದು ಕೇಳುವವರಿಗೆಲ್ಲ ನಾನು "ಏನು ಕಚ್ಚುತ್ತೆ, ಎಷ್ಟು ಹೊತ್ತಿನಲ್ಲಿ ಕಚ್ಚುತ್ತೆ" ಎಂದು ತಿರುಗಿ ಕೇಳುವುದು ಇದಕ್ಕೇ.

ಹುಲ್ಲಿನ ನುಸಿಯಲ್ಲಿ ಕೆಲವು ಸ್ಕ್ರಬ್ ಟೈಫಸ್ ಎಂಬ ಜ್ವರವನ್ನೂ ಹೊತ್ತಿರುತ್ತವೆ. ಪ್ರವಾಸ ಮುಗಿದು ಮೂರು ವಾರದೊಳಗೆ ಯಾರಿಗಾದರೂ ಬಿಡದ ಜ್ವರ, ತಲೆನೋವು ಬಂದರೆ ಕಂಕುಳು, ತೊಡೆಸಂದು, ಸೊಂಟ, ಕಿವಿಯ ಹಿಂದೆ ಹುಡುಕಿ. ಬೀಡಿಯಿಂದ ಸುಟ್ಟ ಹಾಗೆ ಕಪ್ಪು ಹಕ್ಕಳೆ ಕಂಡರೆ ಅದನ್ನು ವೈದ್ಯರಿಗೆ ತೋರಿಸಿ. ಕಾಣದಿದ್ದರೂ "ಬೆಟ್ಟಕ್ಕೆ ಹೋಗಿದ್ದೆವು, ಹುಲ್ಲಲ್ಲಿ ಕೂತಿದ್ದೆವು" ಎಂದು ಬಾಯಿಬಿಟ್ಟು ಹೇಳಿ. ಡಾಕ್ಸಿಸೈಕ್ಲಿನ್‌ನಂಥ ಅಗ್ಗದ ಮಾತ್ರೆಗೆ ಬಗ್ಗುವ ಕಾಯಿಲೆ ಇದು, ತಡವಾದರೆ ಮಾತ್ರ ಶ್ವಾಸಕೋಶ, ಕಿಡ್ನಿಗೆ ಹೋಗುತ್ತದೆ.

ಈಗ ಎಣ್ಣೆಗಳು. ನೂರು ಮಿಲಿ ಕೊಬ್ಬರಿ ಎಣ್ಣೆಗೆ 2 ಮಿಲಿ ಬೇವಿನೆಣ್ಣೆ, ಅಂದರೆ ಅರ್ಧ ಟೀ ಚಮಚಕ್ಕೂ ಸ್ವಲ್ಪ ಕಡಿಮೆ. ಇಷ್ಟೇ ಸಾಕು, ಕಾಯಿಸುವುದೂ ಬೇಡ. 1993ರಲ್ಲಿ ದೆಹಲಿಯ ಮಲೇರಿಯಾ ಸಂಶೋಧನಾ ಕೇಂದ್ರದವರು ಪ್ರಕಟಿಸಿದ ಪರೀಕ್ಷೆಯಲ್ಲಿ ಇದೇ ಅಳತೆಯ ಎಣ್ಣೆ ಹಚ್ಚಿಕೊಂಡವರನ್ನು ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಗಳು 12 ಗಂಟೆ ಮುಟ್ಟಲಿಲ್ಲ. ಅದನ್ನು ಹಿಡಿದುಕೊಂಡು ಬೇವಿನ ಹೆಸರಲ್ಲಿ ಏನೇನೋ ಮಾರಾಟವಾಗುತ್ತಿದೆ. ಬೇರೆ ಪರೀಕ್ಷೆಗಳಲ್ಲಿ ಫಲ ಅಷ್ಟು ಚೆನ್ನಾಗಿ ಬರಲಿಲ್ಲ ಎನ್ನುವುದನ್ನು ಡಬ್ಬದ ಮೇಲೆ ಯಾರೂ ಅಚ್ಚು ಹಾಕಿಸುವುದಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಬೇವಿಗೆ ಸುಲಭವಾಗಿ ಹೆದರುವುದಲ್ಲ. ಜೊತೆಗೆ ಬೆಟ್ಟ ಹತ್ತುವಾಗ ಸುರಿಯುವ ಬೆವರಿನಲ್ಲಿ ಎಣ್ಣೆ ಎಷ್ಟು ಹೊತ್ತು ನಿಂತೀತು? ತೋಟದ ಮನೆಯ ಜಗಲಿಯಲ್ಲಿ ಸಂಜೆ ಕೂರುವುದಕ್ಕೆ ಬೇವು ಒಳ್ಳೆಯದು. ಹಗಲಿನ ಚಾರಣಕ್ಕೆ ಅದನ್ನೊಂದನ್ನೇ ನಂಬಬೇಡಿ.

ಮಜ್ಜಿಗೆ ಹುಲ್ಲು, ಸಿಟ್ರೊನೆಲ್ಲಾ, ತುಳಸಿ, ಲಕ್ಕಿ ಸೊಪ್ಪು, ಇವೆಲ್ಲ ಕೆಲಸ ಮಾಡುತ್ತವೆ. ಸುಳ್ಳಲ್ಲ. ನಮ್ಮೂರಲ್ಲಿ ಅವರೆಕಾಳಿನ ವಾಡೆಗೆ ಲಕ್ಕಿ ಸೊಪ್ಪು ಹಾಕಿಟ್ಟರೆ ಹುಳ ಬೀಳುವುದು ಕಡಿಮೆ ಎಂಬುದು ನಮ್ಮಜ್ಜಿಯ ಕಾಲದಿಂದ ಬಂದ ಮಾತು. ಆದರೆ ವಾಡೆಯೊಳಗೆ ಮುಚ್ಚಿದ ವಾಸನೆ ಬೇರೆ, ಗಾಳಿ ಬೀಸುವ ಬೆಟ್ಟದ ಮೇಲೆ ಮೈಗೆ ಸವರಿದ ವಾಸನೆ ಬೇರೆ. ಘಮ್ಮೆನ್ನುವ ಎಣ್ಣೆ ಎಂದರೆ ಬೇಗ ಆರಿಹೋಗುವ ಎಣ್ಣೆ ಎಂದೇ ಅರ್ಥ. ಆರಿ ಗಾಳಿಗೆ ಸೇರುವುದರಿಂದಲೇ ನಮ್ಮ ಮೂಗಿಗೂ ಸೊಳ್ಳೆಯ ಮೂಗಿಗೂ ಅದು ತಿಳಿಯುವುದು. ಹಾಗಾಗಿ ಅರ್ಧ ಗಂಟೆ, ಹೆಚ್ಚೆಂದರೆ ಒಂದೆರಡು ಗಂಟೆಯ ಆಟ. ಹಚ್ಚಿದ ಹೊತ್ತು ನೋಡಿಕೊಂಡು ಮತ್ತೆ ಮತ್ತೆ ಹಚ್ಚುವ ತಾಳ್ಮೆ ಇದ್ದರೆ ಬಳಸಿ. ಸೀಸೆಯಿಂದ ನೇರ ಮೈಗೆ ಸುರಿಯಬೇಡಿ. ನೂರು ಮಿಲಿ ಕೊಬ್ಬರಿ ಎಣ್ಣೆಗೆ ಇಪ್ಪತ್ತು ಮೂವತ್ತು ಹನಿ ಸಾಕು. ಹೊರಡುವ ಹಿಂದಿನ ದಿನವೇ ಮುಂಗೈಗೆ ಒಂದಿಷ್ಟು ಹಚ್ಚಿ ಬಿಟ್ಟು ನೋಡಿ, ಉರಿ ಬಂದರೆ ಆ ಸೀಸೆ ಮನೆಯಲ್ಲೇ ಇರಲಿ. ನಿಂಬೆಹಣ್ಣು ಉಜ್ಜಿಕೊಂಡು ಬಿಸಿಲಿಗೆ ಹೋಗುವವರಿದ್ದಾರೆ, ಅದನ್ನಂತೂ ಮಾಡಲೇಬೇಡಿ. ನಿಂಬೆ ರಸದ ಮೇಲೆ ಬಿಸಿಲು ಬಿದ್ದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ, ಕಲೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಶರಬತ್ತು ಮಾಡಿ ಕುಡಿಯಿರಿ.

ನೀಲಗಿರಿಯ ವಿಷಯದಲ್ಲಿ ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಯವರಿಗೆ ಒಂದು ಗೊಂದಲವಿದೆ. "ಲೆಮನ್ ಯೂಕಲಿಪ್ಟಸ್" ಸೊಳ್ಳೆ ಓಡಿಸುತ್ತದೆ ಎಂದು ಎಲ್ಲೋ ಓದಿ, ಹೊಲದ ಬದುವಿನ ನೀಲಗಿರಿ ಸೊಪ್ಪು ಕುದಿಸಿಕೊಂಡು ಬರುತ್ತಾರೆ. ಈ ಮರದ ಹಿರಿಯರು ನಂದಿ ಬೆಟ್ಟದಲ್ಲೇ ಇದ್ದಾರೆ. 1790ರ ಸುಮಾರಿಗೆ ಟಿಪ್ಪು ಸುಲ್ತಾನ್ ತನ್ನ ನಂದಿಯ ತೋಟಕ್ಕೆ ತರಿಸಿ ನೆಡಿಸಿದ್ದು. ಅಲ್ಲಿಂದ ಬೀಜ ಹಬ್ಬಿ "ಮೈಸೂರು ಗಮ್" ಎಂಬ ತಳಿಯಾಯಿತು. ಮುಂದೆ ಕೋಲಾರ, ಚಿಕ್ಕಬಳ್ಳಾಪುರದ ಬಯಲೆಲ್ಲ ಅದೇ ತುಂಬಿ, ಕಡೆಗೆ ಅಂತರ್ಜಲದ ಚಿಂತೆಯಿಂದ 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಿತು. ಆ ಮರವೇ ಬೇರೆ, ನಿಂಬೆ ವಾಸನೆಯ ನೀಲಗಿರಿಯೇ ಬೇರೆ. ಅಷ್ಟೇ ಅಲ್ಲ, ನಿಂಬೆ ನೀಲಗಿರಿಯ ಹಸಿ ಎಣ್ಣೆಯೂ ಸಾಲದು. ಅದನ್ನು ಸಂಸ್ಕರಿಸಿದಾಗ ಸಿಗುವ ಪಿಎಂಡಿ ಎಂಬ ಅಂಶ ಗಟ್ಟಿಯಾದದ್ದು. ನೂರಕ್ಕೆ ಮೂವತ್ತರ ಪ್ರಮಾಣದಲ್ಲಿದ್ದರೆ ಆರು ಗಂಟೆಯ ತನಕ ಕಾಯುತ್ತದೆ. ಗಿಡಮೂಲದ್ದೇ ಬೇಕೆಂಬ ನಿಮ್ಮ ಮನೆಯವರ ಹಠಕ್ಕೆ ತಕ್ಕ ಉತ್ತರ ಇದೊಂದೇ. ದೊಡ್ಡವರಿಗೆ, 9 ಮತ್ತು 6 ವರ್ಷದ ಮಕ್ಕಳಿಗೆ ಹಚ್ಚಬಹುದು. ಮೂರು ವರ್ಷದೊಳಗಿನ ಮಗುವಿಗೆ ಇದೂ ಬೇಡ.

ಗಿಡದ್ದು ಒಳ್ಳೆಯದು, ಅಂಗಡಿಯದು ಕೆಟ್ಟದ್ದು ಎಂಬ ಗೆರೆ ನೀವು ಎಳೆದಷ್ಟು ನೇರವಾಗಿಲ್ಲ. ಸೊಳ್ಳೆಬತ್ತಿಯ ವಿಷವನ್ನು ರೂಪಿಸಿದ್ದೇ ಸೇವಂತಿಗೆ ಜಾತಿಯ ಪೈರೆಥ್ರಮ್ ಹೂವಿನ ವಿಷವನ್ನು ನೋಡಿ. (ನಿಮ್ಮ ಚಿಕ್ಕಬಳ್ಳಾಪುರದ ಮಾರುಕಟ್ಟೆ ಸೇವಂತಿಗೆಯಲ್ಲಿ ಆ ಗುಣ ಇಲ್ಲ, ಟೆಂಟಿನ ಸುತ್ತ ಹೂ ಜೋಡಿಸಲು ಹೋಗಬೇಡಿ.) ಇತ್ತ ಸೊಳ್ಳೆ ಓಡಿಸುವ ಅಂಗಡಿ ಕ್ರೀಮುಗಳಲ್ಲಿರುವ ಡೀಟ್ ಎಂಬ "ಕೆಮಿಕಲ್" 1957ರಿಂದ ಜನಬಳಕೆಯಲ್ಲಿದೆ. ಹಿತಮಿತವಾಗಿ ಹಚ್ಚಿದರೆ ಅದರಿಂದ ಆದ ಕೆಡುಕು ಬಹಳ ವಿರಳ. ಸನ್‌ಸ್ಕ್ರೀನ್ ಹಚ್ಚುವುದಿದ್ದರೆ ಮೊದಲು ಅದು, ಒಣಗಿದ ಮೇಲೆ ಇದು.

ಹೊತ್ತಿನ ಮಾತಿಗೆ ಬರುತ್ತೇನೆ. ಈಡಿಸ್ ಕಚ್ಚುವುದು ಹಗಲು, ಅದರಲ್ಲೂ ಬೆಳಗಿನ ಮೊದಲ ಒಂದೆರಡು ಗಂಟೆ ಮತ್ತು ಇಳಿಹೊತ್ತು. ನೀವು ದೇವರಾಯನದುರ್ಗದಲ್ಲಿ ತಂಪಿನ ಹೊತ್ತೆಂದು ಮೆಟ್ಟಿಲು ಹತ್ತುವುದೂ ಆಗಲೇ, ನಾಮದ ಚಿಲುಮೆಯ ಮರದ ನೆರಳಲ್ಲಿ ಕಾಫಿ ಫ್ಲಾಸ್ಕ್ ಬಿಚ್ಚುವುದೂ ಆಗಲೇ. 2023ರಲ್ಲಿ ನಿಮ್ಮದೇ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಗಳಲ್ಲಿ, ಗರ್ಭದ ಮಗುವಿಗೆ ಕೆಡುಕು ಮಾಡುವ ಜಿಕಾ ವೈರಾಣು ಸಿಕ್ಕಿದ್ದು ನೆನಪಿರಬಹುದು. ಎರಡು ಸಂಸಾರದಲ್ಲಿ ಯಾರಾದರೂ ಬಸುರಿಯಿದ್ದರೆ ಮನೆಮದ್ದಿನ ಪರೀಕ್ಷೆಗೆ ಅವರು ಬೇಡ, ಒಳ್ಳೆಯ ಕ್ರೀಮು ಮತ್ತು ತುಂಬುತೋಳಿನ ಬಟ್ಟೆ. ಬಟ್ಟೆ ತಿಳಿಬಣ್ಣದ್ದಾಗಿರಲಿ, ಸಡಿಲವಾಗಿರಲಿ. ಕಪ್ಪು ಲೆಗ್ಗಿಂಗ್ಸ್ ಮೈಗಂಟಿಕೊಂಡಿದ್ದರೆ ಸೊಳ್ಳೆ ಅದರ ಮೇಲಿಂದಲೇ ಕುಡಿದು ಹೋಗುತ್ತದೆ. ಬೆಳ್ಳುಳ್ಳಿ ತಿಂದರೆ, ಬಿ ವಿಟಮಿನ್ ನುಂಗಿದರೆ ಸೊಳ್ಳೆ ಬರುವುದಿಲ್ಲ ಎಂಬುದು, ಮೊಬೈಲಿನಿಂದ ಸದ್ದು ಹೊರಡಿಸುವ ಆ್ಯಪು, ಕೈಗೆ ಕಟ್ಟುವ ಬಣ್ಣದ ಪಟ್ಟಿ, ಯಾವುದರಿಂದಲೂ ಉಪಯೋಗವಿಲ್ಲ.

ಹೊಗೆಯ ಬಗ್ಗೆ ನೀವು ಕೇಳಿಲ್ಲ. ಆದರೆ ಬೆಟ್ಟಕ್ಕೆ ಹೋದವರು ಹುಳ ಓಡಿಸಲು ಮೊದಲು ಮಾಡುವುದೇ ಹೊಗೆ. ಕೊಟ್ಟಿಗೆಯಲ್ಲಿ ಬೇವಿನ ಸೊಪ್ಪಿನ ಹೊಗೆ ಹಾಕಿ ದನಗಳಿಗೆ ನೆಮ್ಮದಿ ಕೊಡುವುದು ಸರಿ. ಬಂಡೆಯ ಬುಡದಲ್ಲಿ ಅದನ್ನೇ ಮಾಡಿದರೆ ಮೇಲೆ ಹೆಜ್ಜೇನು ಏಳುತ್ತದೆ. ಮಧುಗಿರಿಯಿಂದ ಅಂತರಗಂಗೆವರೆಗೆ ನಮ್ಮ ಸೀಮೆಯ ಬೆಟ್ಟಗಳೆಲ್ಲ ಬೋಳು ಬಂಡೆ, ಚಾಚಿದ ಬಂಡೆಯ ಅಡಿಯಲ್ಲಿ ಮೊರದಗಲದ ಹುಟ್ಟುಗಳು ತೂಗುತ್ತವೆ. ಹುಟ್ಟು ಕಂಡರೆ ಸದ್ದು ಮಾಡದೆ ಬಂದ ದಾರಿಯಲ್ಲೇ ವಾಪಸು. ಕಲ್ಲು ಬೀರುವ ಹುಡುಗರಿದ್ದರೆ ಕಿವಿ ಹಿಂಡಿ. ಅತ್ತರು, ಪೌಡರು ಅವತ್ತು ಬೇಡ. ಬಾಳೆಹಣ್ಣನ್ನೂ ದೂರದಲ್ಲೇ ತಿಂದು ಮುಗಿಸಿ. ಜೇನು ಕುಟುಕಿದಾಗ "ಇಲ್ಲಿ ಬನ್ನಿ" ಎಂದು ಒಡಹುಟ್ಟಿದವರನ್ನು ಕರೆಯುವ ವಾಸನೆಯೂ ಮಾಗಿದ ಬಾಳೆಹಣ್ಣಿನ ವಾಸನೆಯೂ ಮುಖ್ಯವಾಗಿ ಒಂದೇ ರಾಸಾಯನಿಕ. ಎದ್ದೇಬಿಟ್ಟರೆ ಮುಖಕ್ಕೆ ಟವಲ್ ಸುತ್ತಿ, ಮಕ್ಕಳನ್ನು ಎತ್ತಿಕೊಂಡು ಓಡಿ. ಕಾರಿನೊಳಗೋ ಕೋಣೆಯೊಳಗೋ ಸೇರುವತನಕ ನಿಲ್ಲಬೇಡಿ. ಕೈ ಬೀಸಿ ಹೊಡೆದರೆ, ಜಜ್ಜಿದ ಪ್ರತಿ ಹುಳುವೂ ಇನ್ನಷ್ಟನ್ನು ಕರೆಯುತ್ತದೆ. ಬೇಸಿಗೆಯಲ್ಲಿ ಕಾಡಿನಂಚಿನಲ್ಲಿ ಹೊಗೆ ಹಾಕುವುದು ಇನ್ನೊಂದು ಅನಾಹುತ, ಒಣಹುಲ್ಲಿಗೆ ಒಂದು ಕಿಡಿ ಸಾಕು.

ರಾತ್ರಿ ತೋಟದಲ್ಲಿ ಸಾಂಬ್ರಾಣಿ ಹಾಕುವುದಾದರೆ ಟೆಂಟಿನ ಹೊರಗೆ, ಗಾಳಿ ಬರುವ ದಿಕ್ಕಿನಲ್ಲಿ ಇಡಿ. ಟೆಂಟಿನೊಳಗೆ ಹೊಗೆಯೂ ಬೇಡ, ಬತ್ತಿಯೂ ಬೇಡ. ಮೊದಲು ಒಂದು ಮಾತು ಕೇಳಿಕೊಳ್ಳಿ: ಆ ತೋಟದಲ್ಲಿ ಹಿಪ್ಪುನೇರಳೆ ಇದೆಯಾ, ರೇಷ್ಮೆ ಹುಳು ಮನೆ ಇದೆಯಾ? ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೈತರು ಹುಳು ಮನೆಯ ಹತ್ತಿರ ಸೊಳ್ಳೆಬತ್ತಿ ಹಚ್ಚುವವರನ್ನು ಅಟ್ಟಿಸಿಕೊಂಡು ಬರುತ್ತಾರೆ, ಬರಬೇಕಾದ್ದೇ. ಸೊಳ್ಳೆಗೆ ವಿಷವಾದದ್ದು ರೇಷ್ಮೆ ಹುಳುವಿಗೆ ಇನ್ನೂ ಹೆಚ್ಚಿನ ವಿಷ. ಒಂದು ರಾತ್ರಿಯ ನಿಮ್ಮ ನಿದ್ದೆಗೆ ಅವರ ಒಂದು ಬೆಳೆ ಹೋದೀತು. ಹಾಗಿದ್ದಲ್ಲಿ ಪರದೆಯೊಂದೇ ದಾರಿ. ಟೆಂಟಿನ ಜಿಪ್ಪನ್ನು ಸೂರ್ಯ ಮುಳುಗುವ ಮುಂಚೆಯೇ ಎಳೆದುಬಿಡಿ. ದೀಪವನ್ನು ಟೆಂಟಿನಿಂದ ದೂರ ತೂಗುಹಾಕಿ, ಬಿಳಿಗಿಂತ ಹಳದಿ ಬೆಳಕು ವಾಸಿ. ಮಳೆ ಬಿದ್ದ ದಿನಗಳಲ್ಲಿ ಬೆಳಕಿಗೆ ಬರುವ ಹುಳಗಳಲ್ಲಿ ಕೆಂಪು ಕಪ್ಪು ಪಟ್ಟೆಯ, ಇರುವೆಯಂಥ ಸಣ್ಣದೊಂದಿದೆ. ಜನ "ಆಸಿಡ್ ಹುಳ" ಅನ್ನುತ್ತಾರೆ. ಅದು ಕಚ್ಚುವುದಿಲ್ಲ, ನಾವು ಕತ್ತಿನ ಮೇಲೆ ಜಜ್ಜಿದಾಗ ಅದರ ಮೈಯ ರಸ ಸುಡುತ್ತದೆ. ಕಂಡರೆ ಊದಿ ಹಾರಿಸಿ. ಜಜ್ಜಿಬಿಟ್ಟಿದ್ದರೆ ಸೋಪು ನೀರಿನಲ್ಲಿ ಆಗಲೇ ತೊಳೆಯಿರಿ, ಆ ಕೈ ಕಣ್ಣಿಗೆ ಹೋಗದಿರಲಿ.

ಇನ್ನು ಸುಣ್ಣ. ಬೇಡ. ಜೇನಿನ ವಿಷ ಆಮ್ಲ, ಸುಣ್ಣ ಕ್ಷಾರ, ಎರಡೂ ಸೇರಿ ಸರಿಹೋಗುತ್ತದೆ ಎಂಬ ಲೆಕ್ಕ ಕಾಗದದ ಮೇಲೆ ಚೆನ್ನಾಗಿದೆ. ವಿಷ ಇರುವುದು ಚರ್ಮದ ಒಳಗೆ, ಸುಣ್ಣ ನಿಲ್ಲುವುದು ಮೇಲೆ. ಕುಟುಕಿದ ಗಾಯ ಎರಡು ದಿನದಲ್ಲಿ ಮಾಯುತ್ತದೆ, ಸುಣ್ಣದಿಂದ ಸುಟ್ಟದ್ದನ್ನು ತೋರಿಸಿಕೊಂಡು ಎರಡು ವಾರದ ಮೇಲೆ ನನ್ನ ಹತ್ತಿರ ಬರುತ್ತಾರೆ. ಟೂತ್‌ಪೇಸ್ಟಿಗೂ ಇದೇ ಉತ್ತರ. ಜೇನು ಕುಟುಕಿದರೆ ಕೊಂಡಿ ಚರ್ಮದಲ್ಲೇ ಉಳಿದು ಅರ್ಧ ನಿಮಿಷದೊಳಗೆ ಬಹುಪಾಲು ವಿಷ ಒಳಗೆ ಸುರಿದಿರುತ್ತದೆ. ಉಗುರಲ್ಲಿ ಕೆರೆದು ತೆಗೆಯಲೇ, ಕಿತ್ತು ತೆಗೆಯಲೇ ಎಂದು ಯೋಚಿಸುತ್ತ ನಿಲ್ಲಬೇಡಿ, ಹೇಗಾದರೂ ಬೇಗ ತೆಗೆಯಿರಿ. ಕಣಜ ಕೊಂಡಿ ಬಿಡುವುದಿಲ್ಲ, ಹುಡುಕುವ ಕೆಲಸವಿಲ್ಲ. ಆಮೇಲೆ ಸೋಪು, ನೀರು, ಒದ್ದೆ ಬಟ್ಟೆಯ ತಣ್ಣನೆ ಪಟ್ಟಿ ಹತ್ತು ನಿಮಿಷ. ಸೊಳ್ಳೆ, ನುಸಿ, ಇರುವೆ ಯಾವುದಕ್ಕಾದರೂ ಮೊದಲ ಮದ್ದು ಇದೇ. ತುರಿಕೆಗೆ ಕ್ಯಾಲಮೈನ್ ಲೋಷನ್ ಸಾಕು. ದೊಡ್ಡವರು ರಾತ್ರಿ 10 ಮಿಲಿಗ್ರಾಮಿನ ಸೆಟ್ರಿಜಿನ್ ಒಂದು ನುಂಗಬಹುದು, ಮಕ್ಕಳ ಪ್ರಮಾಣ ಹೊರಡುವ ಮುನ್ನವೇ ನಿಮ್ಮ ವೈದ್ಯರಲ್ಲಿ ಕೇಳಿ ಬರೆಸಿಕೊಳ್ಳಿ.

ಲೋಳೆಸರದ ತಿರುಳು ತಂಪು, ಹಚ್ಚಿ. ಆದರೆ ದಾರಿಬದಿ ಬೇಲಿಯಲ್ಲಿ ಸಿಕ್ಕಿತೆಂದು ಮುರಿದು ತರುವ ಮುಂಚೆ ಸರಿಯಾಗಿ ನೋಡಿ. ನಮ್ಮ ಬಯಲುಸೀಮೆಯ ಬೇಲಿಗಳಲ್ಲಿ ಇರುವುದು ಹೆಚ್ಚಾಗಿ ಕತ್ತಾಳೆ. ಅದರ ರಸ ತಾಗಿದರೆ ಇದ್ದ ತುರಿಕೆ ನಾಲ್ಕು ಪಟ್ಟಾಗುತ್ತದೆ. ತುಂಬೆ ಸೊಪ್ಪಿನ ರಸ, ಕೊಯ್ದ ಈರುಳ್ಳಿ ಹಚ್ಚಿದರೆ ಕೆಡುಕಿಲ್ಲ, ಮನಸ್ಸಿಗೆ ಸಮಾಧಾನ. ಎಕ್ಕದ ಹಾಲು ಮಾತ್ರ ಮುಟ್ಟಬೇಡಿ, ಕಣ್ಣಿಗೆ ಬಿದ್ದರೆ ಕಣ್ಣಿಗೇ ಅಪಾಯ. ನುಗ್ಗೆ ಮರದ ಕೆಳಗೆ ಟೆಂಟ್ ಹಾಕಿದರೆ ಕಂಬಳಿಹುಳು ಬಿದ್ದೀತು. ಕೂದಲು ಚುಚ್ಚಿದ ಜಾಗವನ್ನು ಉಜ್ಜದೆ, ಸೆಲ್ಲೋಟೇಪ್ ಅಂಟಿಸಿ ಎಳೆಯಿರಿ. ನಾಲ್ಕೈದು ಸಲ ಹೊಸ ಹೊಸ ತುಂಡು ಹಾಕಿ ಎಳೆದರೆ ಬಹುಪಾಲು ಬಂದುಬಿಡುತ್ತದೆ. ಉಣ್ಣಿ ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ, ಬೀಡಿ ಬೆಂಕಿ ಬೇಡ. ಸಣ್ಣ ಚಿಮುಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರ ಮೇಲಕ್ಕೆ ಎಳೆಯಿರಿ. (ಮಂಗನ ಕಾಯಿಲೆಯ ಭಯ ಬೇಡ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ಜ್ವರ ಮಲೆನಾಡಿನದು. ಮುಂದೆ ಡಿಸೆಂಬರಿನಿಂದ ಮೇ ನಡುವೆ ಆ ಕಡೆಯ ಕಾಡಿಗೆ ಹೋಗುವುದಿದ್ದರೆ ಆಗ ಯೋಚಿಸಿ.)

ಮನೆಮದ್ದಿಗೆ ಒಂದು ನಿಮಿಷವೂ ಕೊಡಬಾರದ ಸಂದರ್ಭ ಎರಡು. ಜೇನು, ಕಣಜ ಕುಟುಕಿದ ಮೇಲೆ ಮೈಯೆಲ್ಲ ಗಂಧೆ ಎದ್ದು ತುಟಿ, ನಾಲಗೆ ಊದಿದರೆ, ಉಸಿರು ಕಟ್ಟಿದರೆ, ವಾಂತಿ, ತಲೆಸುತ್ತು ಬಂದರೆ 108ಕ್ಕೆ ಕರೆ ಮಾಡಿ, ಕಾಲು ಮೇಲಿಟ್ಟು ಮಲಗಿಸಿ, ಉಸಿರಾಟವೇ ಕಷ್ಟವಾಗಿದ್ದರೆ ಕೂರಿಸಿ. ಆಗ ಬೇಕಾದದ್ದು ಅಡ್ರಿನಲಿನ್ ಇಂಜೆಕ್ಷನ್, ಸೆಟ್ರಿಜಿನ್ ಸಾಲದು. ಸಿದ್ಧರ ಬೆಟ್ಟದಿಂದ ಕೊರಟಗೆರೆ ತಾಲ್ಲೂಕು ಆಸ್ಪತ್ರೆ ಹತ್ತಿರ, ದೇವರಾಯನದುರ್ಗದಿಂದ ತುಮಕೂರಿನ ಜಿಲ್ಲಾ ಆಸ್ಪತ್ರೆ. ಅಲರ್ಜಿ ಇಲ್ಲದಿದ್ದರೂ ಹತ್ತಾರು ಕಡೆ ಕುಟುಕಿದ್ದರೆ ಮಗುವನ್ನು ತೋರಿಸಲೇಬೇಕು.

ಎರಡನೆಯದು ಚೇಳು. ಕೈಯಗಲದ ಕರಿ ಚೇಳಿಗಿಂತ ಬೆರಳುದ್ದದ ಕೆಂಪು ಚೇಳು ಕೆಟ್ಟದ್ದು. ಮಗುವಿಗೆ ಬೆವರು ಸುರಿದು, ಕೈಕಾಲು ತಣ್ಣಗಾಗಿ, ವಾಂತಿ ಶುರುವಾದರೆ ವಿಷ ಹೃದಯದ ಮೇಲೆ ಕೆಲಸ ಮಾಡುತ್ತಿದೆ ಎಂದರ್ಥ. ಉತ್ತರಾಣಿ ಬೇರು ತೇಯುತ್ತ ಕೂರುವ ಹೊತ್ತಲ್ಲ. ಮಹಾರಾಷ್ಟ್ರದ ಮಹಾಡದಲ್ಲಿ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಪ್ರಾಜೋಸಿನ್ ಎಂಬ ಬಿಪಿ ಮಾತ್ರೆಯನ್ನು ಇದಕ್ಕೆ ಬಳಸಿ ತೋರಿಸಿದ ಮೇಲೆ ಈ ಸಾವುಗಳು ಎಷ್ಟೋ ಇಳಿದವು. ಬೆಳಗ್ಗೆ ಎದ್ದಾಗ ಶೂ ಒದರಿ ಹಾಕಿಕೊಳ್ಳಿ, ಒಲೆ ಹೂಡಲು ಕಲ್ಲೆತ್ತುವಾಗ ಮೊದಲು ಕೋಲಿನಲ್ಲಿ ಮಗುಚಿ.

ಉಳಿದದ್ದು ಒಂದೂವರೆ ವರ್ಷದ ಮಗು. ಅದಕ್ಕೆ ಘಮಘಮಿಸುವ ಯಾವ ಎಣ್ಣೆಯೂ ಬೇಡ. ತೆಳು ಹತ್ತಿಯ ತುಂಬುತೋಳಿನ ಅಂಗಿ, ಕಾಲು ಮುಚ್ಚುವ ಪೈಜಾಮ, ಮಲಗಿದಾಗ ಕೊಡೆಯಂತೆ ಬಿಚ್ಚುವ ಮಕ್ಕಳ ಸೊಳ್ಳೆಪರದೆ. ಹೊರಗೆ ಎತ್ತಿಕೊಂಡು ಓಡಾಡುವಾಗ ಬೇಕೇಬೇಕೆನಿಸಿದರೆ ನೀವು ಬೇಡವೆನ್ನುವ ಅಂಗಡಿಯ ಕ್ರೀಮೇ ಈ ವಯಸ್ಸಿಗೆ ವಾಸಿ. ನೂರಕ್ಕೆ ಮೂವತ್ತರೊಳಗಿನ ಡೀಟನ್ನು ಎರಡು ತಿಂಗಳು ದಾಟಿದ ಮಗುವಿಗೂ ಹಚ್ಚಬಹುದೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ಆದರೂ ನೀವು ಕೊಳ್ಳುವ ಡಬ್ಬದ ಮೇಲೆ ಯಾವ ವಯಸ್ಸು ಬರೆದಿದೆಯೋ ಅದನ್ನು ಮೀರಬೇಡಿ. ನಿಮ್ಮ ಅಂಗೈಗೆ ಹಾಕಿಕೊಂಡು ಅದರ ಕಾಲಿಗೆ, ತೋಳಿಗೆ ತೆಳ್ಳಗೆ ಸವರಿ. ಬೆರಳಿಗೆ, ಬಾಯಿಯ ಸುತ್ತ, ಕಣ್ಣಿನ ಹತ್ತಿರ ಬೇಡ, ಮನೆಗೆ ಬಂದ ಮೇಲೆ ತೊಳೆದುಬಿಡಿ. ಅತ್ತೆಯವರ ಬೇವಿನೆಣ್ಣೆ ದೊಡ್ಡವರ ಕಾಲಿಗೆ ಆಗುತ್ತದೆ. ಸಂಜೆ ಜಗಲಿಯಲ್ಲಿ ಕೂರುವಾಗ ಅವರ ಕೈಯಲ್ಲೇ ಹಚ್ಚಿಸಿಕೊಳ್ಳಿ.